ಹೋಖ್‌ಡಾರ್ಫ್ ದಿಬ್ಬಕ್ಕೆ ಚಿಗವ್ವನ ಪ್ರದಕ್ಷಿಣೆ

ಸಿಯಾಟಲ್ ಪಕ್ಕದ ಲಿನ್‌ವುಡ್ ಸ್ಟೇಷನ್ನಿನ ಎಸ್ಕಲೇಟರ್ ಹತ್ತುವಾಗ ಚಿಗವ್ವ ತನ್ನ ಬಟ್ಟೆಚೀಲವನ್ನು ನನ್ನ ಕೈಗೆ ಕೊಡಲೇ ಇಲ್ಲ. ಪಾಸ್‌ಪೋರ್ಟು, ಔಷಧಿ, ದುಡ್ಡು ಎಲ್ಲ ಇದ್ದ ಸೂಟ್‌ಕೇಸನ್ನು ನಿಶ್ಚಿಂತೆಯಿಂದ ಒಪ್ಪಿಸಿದವಳು ಆ ಚೀಲವನ್ನು ಮಾತ್ರ ಎದೆಗವಚಿಕೊಂಡು ನಿಂತಿದ್ದಳು. ಅದರಲ್ಲಿ ಖಡಕ್ ರೊಟ್ಟಿ ಇತ್ತು.

“ನೀ ಹಿಡದ್ರ ಪುಡಿಪುಡಿ ಮಾಡ್ತಿ. ನಿನ್ನ ನಡಿಗಿ ನನಗ ಗೊತ್ತೈತಿ,” ಅಂದಳು.

ನನ್ನ ನಡಿಗೆಯ ವಿಷಯದಲ್ಲಿ ಅವಳು ಹೇಳಿದ್ದು ಸುಳ್ಳಲ್ಲ. ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಓಡಿದ ಕಾಲುಗಳಿವು, ರಜೆಯಲ್ಲೂ ಹಾಗೆಯೇ ಓಡುತ್ತವೆ. ಆರು ತಿಂಗಳ ಓದಿಗೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದ ಮಗಳು ಮೇಘಾಳನ್ನು ನೋಡಿ ಬರುವುದು ಈ ಪ್ರವಾಸದ ನೆಪ. ಚಿಗವ್ವನನ್ನು ಮನೆಯಿಂದ ಹೊರಗೆಳೆಯುವುದು ನಿಜವಾದ ಉದ್ದೇಶ. ಅದಕ್ಕಾಗಿ ನಾನು ಚಳಿಗಾಲವಿಡೀ ಅವಳ ಬೆನ್ನು ಬಿದ್ದಿದ್ದೆ.

ಚಿಗವ್ವ ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ಗದಗಿನವಳು. ಕಾಕಾ ಸಿಯಾಟಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ಆಮೇಲೆ ವಿಮಾನದ ರೆಕ್ಕೆಗಳ ಲೆಕ್ಕಾಚಾರದಲ್ಲೇ ಆಯುಷ್ಯ ಕಳೆದವರು. ಅವರ ಕೈ ಹಿಡಿದು ಇಲ್ಲಿಗೆ ಬಂದಾಗ ಚಿಗವ್ವನಿಗೆ ಇಪ್ಪತ್ತೈದು ದಾಟಿರಲಿಲ್ಲ. ಈಗ ಎಪ್ಪತ್ತಾರು. ಮಕ್ಕಳಿಲ್ಲ, ನಾನು ಇಲ್ಲಿಗೆ ಬಂದ ದಿನದಿಂದ ಆ ಜಾಗದಲ್ಲಿ ನಾನೇ ಇದ್ದೇನೆ. ಇಂಗ್ಲಿಷ್ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾಳೆ, ಮಾತು ಮಾತ್ರ ಇನ್ನೂ ಗದಗಿನ ಬಸ್‌ಸ್ಟ್ಯಾಂಡ್ ಬಿಟ್ಟು ಹೊರಟಿಲ್ಲ.

ಮೇ ತಿಂಗಳಾದರೂ ಸಿಯಾಟಲ್ ತನ್ನ ಜಿಟಿಜಿಟಿಯನ್ನು ಬಿಟ್ಟಿರಲಿಲ್ಲ. ಲೈಟ್ ರೈಲಿನಲ್ಲಿ ನನಗೆ ಮೂರು ಡಾಲರ್ ಟಿಕೆಟ್, ಹಿರಿಯರ ಕಾರ್ಡಿದ್ದ ಚಿಗವ್ವನಿಗೆ ಒಂದೇ ಡಾಲರ್. ಮೊದಲಾದರೆ ವಿಮಾನ ನಿಲ್ದಾಣಕ್ಕೆ ಹೋಗಲು ಯಾರನ್ನಾದರೂ ಗೋಗರೆಯಬೇಕಿತ್ತು. ಈಗ ರೈಲು ಲಿನ್‌ವುಡ್‌ಗೇ ಬಂದಿರುವುದರಿಂದ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಕಿಟಕಿ ನೋಡುತ್ತ ಕೂತರೆ ಸಾಕು. ಊರು ದಾಟಿ, ಸುರಂಗ ದಾಟಿ, ದಕ್ಷಿಣದ ಗೋದಾಮುಗಳು ಕಾಣಿಸತೊಡಗಿದಾಗ ಚಿಗವ್ವ ಕಿಟಕಿಯಿಂದ ಮುಖ ತಿರುಗಿಸಿ ಚೀಲದ ಗಂಟು ಸರಿಮಾಡತೊಡಗಿದಳು. ಟಕ್ವಿಲಾ ಬಂದಿತ್ತು.

ಯಾಕೆ ಮುಖ ತಿರುಗಿಸಿದಳೆಂದು ನನಗೆ ಗೊತ್ತಿತ್ತು. ಅಲ್ಲಿನ ಗೋದಾಮುಗಳ ನಡುವೆ ಒಬ್ಬ ಕಲ್ಲಿನ ವ್ಯಾಪಾರಿ ಇದ್ದಾನೆ. ಕಾಕಾನ ಸಮಾಧಿಗೆ ಇಡಬೇಕಾದ ಕಲ್ಲಿನ ಬಗ್ಗೆ ಅವನು ಒಂದು ವರ್ಷದಿಂದ ನನಗೆ ಫೋನ್ ಮಾಡುತ್ತಿದ್ದ. ನಾನು ಕೇಳಿದಾಗಲೆಲ್ಲ ಚಿಗವ್ವ “ನೋಡೂಣು” ಅನ್ನುತ್ತಿದ್ದಳು. ಹೀಗಾಗಿ ಕಾಕಾನ ತಲೆಯ ಹತ್ತಿರ ಇನ್ನೂ ಸ್ಮಶಾನದವರು ಚುಚ್ಚಿದ ತಗಡಿನ ಚೀಟಿಯೇ ಇತ್ತು.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೋದವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಕೂಡಿಸಿ, ಜೀವಮಾನವಿಡೀ ಕೊರಳಲ್ಲಿ ಧರಿಸಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಎರಡು ಚಳಿಗಾಲದ ಹಿಂದೆ ಕಾಕಾ ಒಮ್ಮಿಂದೊಮ್ಮೆಲೆ ಹೋದಾಗ ಇಲ್ಲಿನ ಸ್ಮಶಾನದವರು ನಮ್ಮ ಮಾತನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು, ಆದರೆ ಕೂಡಿಸುವುದಕ್ಕೆ ಅವರ ನಿಯಮದಲ್ಲಿ ಅವಕಾಶವಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಬೇಕಾಯಿತು. ಗದಗಿನಿಂದ ಅಯ್ಯನವರು ಫೋನಿನ ಪರದೆಯ ಮೇಲೆ ಮಂತ್ರ ಹೇಳಿದರು. “ಲಿಂಗ ಇಡ್ರಿ ತಾಯಿ” ಎಂದಾಗ ಪೆಟ್ಟಿಗೆಯ ಪಕ್ಕ ನಿಂತಿದ್ದ ಚಿಗವ್ವ ತನಗೆ ಹತ್ತಿರವಿದ್ದ ಕೈಯನ್ನು ಎತ್ತಿ, ಅದರಲ್ಲಿ ಲಿಂಗವಿಟ್ಟು, ಒಂದೊಂದೇ ಬೆರಳು ಮಡಚಿದಳು. ಮುಚ್ಚಳ ಮುಚ್ಚಿದರು. ಇಳಿಸಿದರು. ಎಲ್ಲರೂ ಮಣ್ಣು ಹಾಕಿದೆವು. ಮನೆಗೆ ಹೊರಟ ಕಾರು ಫ್ರೀವೇ ಹತ್ತುತ್ತಿದ್ದಾಗ ಅವಳು ನನ್ನ ತೋಳು ಹಿಡಿದುಕೊಂಡಳು.

“ಸವಿತಾ, ಅದು ಬಲಗೈ ಆಗಿತ್ತಲ್ಲ.”

ಕೂಡಿಸಿದ್ದರೆ ಎದುರಿಗೆ ನಿಂತು ಇಡುತ್ತಿದ್ದಳು, ಐವತ್ತು ವರ್ಷ ನೋಡಿದ ಮನುಷ್ಯನ ಎಡಬಲ ತಪ್ಪುತ್ತಿರಲಿಲ್ಲ. ಮಲಗಿದವರ ಪಕ್ಕದಲ್ಲಿ ನಿಂತು ಅವಳಿಗೆ ಅಭ್ಯಾಸವಿರಲಿಲ್ಲ, ಅಷ್ಟೇ. ಅಯ್ಯನವರು ಭಾವ ಮುಖ್ಯ ಅಂದರು. ಇಲ್ಲಿನ ನಮ್ಮ ಕನ್ನಡದ ಬಳಗದವರು ಬಂದು ಬಂದು ಅದನ್ನೇ ಹೇಳಿದರು. ನಾನು ತರ್ಕದಿಂದ ಹೇಳಿದೆ, ರೇಗಿಯೂ ಹೇಳಿದೆ. ಯಾವುದೂ ತಾಗಲಿಲ್ಲ. ಅಮಾವಾಸ್ಯೆಗೊಮ್ಮೆ ಹೋಗಿ ಹೂವಿಟ್ಟು ಬರುತ್ತಿದ್ದಳು. ಆ ಜಾಗವನ್ನು ಒಂದು ದಿನವೂ ಗದ್ದುಗೆ ಎಂದು ಕರೆಯಲಿಲ್ಲ. ಕಲ್ಲಿನ ಮಾತೆತ್ತಿದರೆ ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ್ದಳು: “ತಪ್ಪಿನ ಮ್ಯಾಲ ಕಲ್ಲು ಎಳೀ ಅಂತೀಯೇನು?”

ಆಮೇಲೆ ನಾನು ಕೇಳುವುದನ್ನು ಬಿಟ್ಟು ವಿಮಾನದ ಟಿಕೆಟ್ ತೆಗೆಸಿದೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿರೀಕ್ಷಿಸಿದಂತೆಯೇ ಬಟ್ಟೆಚೀಲ ಪಕ್ಕದ ಮೇಜಿಗೆ ಹೋಯಿತು. ಅಧಿಕಾರಿ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಬೆಳಕಿಗೆ ಹಿಡಿದು ಇದೇನೆಂದು ಕೇಳಿದ. “ಪೀನಟ್, ಗಾರ್ಲಿಕ್, ರೆಡ್ ಚಿಲ್ಲಿ. ವೆರಿ ಗುಡ್ ವಿತ್ ಯೋಗರ್ಟ್,” ಎಂದು ಚಿಗವ್ವ ಪಾಠ ಹೇಳಿದಳು. ಅವನು ಮೂಗಿನ ಹತ್ತಿರ ತಂದದ್ದೇ ಸೀನಿದ. ಮತ್ತೊಮ್ಮೆ ಸೀನಿದ. ಆಮೇಲೆ ಯಾವ ಪ್ರಶ್ನೆಯೂ ಇಲ್ಲದೆ ಡಬ್ಬಿ ಹಿಂದಕ್ಕೆ ಬಂತು.

ಫ್ರಾಂಕ್‌ಫರ್ಟ್‌ಗೆ ಹತ್ತು ಗಂಟೆಯ ಹಾರಾಟ. ಚಿಗವ್ವ ವಿಮಾನದ ರೆಕ್ಕೆಯ ಪಕ್ಕದ ಸೀಟನ್ನೇ ಬೇಕೆಂದು ಕೇಳಿ ಪಡೆದಿದ್ದಳು. ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಹಾರುವಾಗ ರೆಕ್ಕೆಯ ತುದಿ ಮೇಲೆ ಕೆಳಗೆ ತೊನೆಯುವುದನ್ನು ಬೆರಳಿನಿಂದ ತೋರಿಸಿ, “ಅಳ್ಳಾಡೂದ ಛಲೋ ಅಂತಿದ್ರು ನಿಮ್ಮ ಕಾಕಾ. ಅಳ್ಳಾಡದಿದ್ರ ಮುರೀತೈತಂತ,” ಅಂದಳು. ಅವರ ಹೆಸರೆತ್ತಿ ನಗುತ್ತಾ ಮಾತಾಡಿದ್ದು ಬಹಳ ದಿನಗಳ ಮೇಲೆ. ಪ್ರಯಾಣ ಚೆನ್ನಾಗಿ ಶುರುವಾಯಿತೆಂದು ನಾನು ಕಣ್ಣು ಮುಚ್ಚಿದೆ.

ಫ್ರಾಂಕ್‌ಫರ್ಟ್‌ನಿಂದ ಸ್ಟುಟ್‌ಗಾರ್ಟ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಪ್ಲ್ಯಾಟ್‌ಫಾರಮ್ಮಿನ ಮೇಲೆ ಮೇಘಾ ನಿಂತಿದ್ದಳು. ಕೂದಲು ಅರ್ಧಕ್ಕೆ ಕತ್ತರಿಸಿಕೊಂಡಿದ್ದಳು, ನನ್ನನ್ನು ಬಿಟ್ಟು ಮೊದಲು ಚಿಗವ್ವನನ್ನೇ ತಬ್ಬಿಕೊಂಡಳು. ಚಿಗವ್ವ ಕನ್ನಡದಲ್ಲಿ ಕೇಳುತ್ತಾಳೆ, ಇವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇವಳು ಹುಟ್ಟಿದ ಮೇಲೆ ಅವರ ಮಾತು ನಡೆದಿರುವುದೇ ಹಾಗೆ.

ಮೊದಲ ದಿನ ನಿದ್ದೆಗೆ ಹೋಯಿತು. ಎರಡನೆಯ ದಿನ ಊರು ಸುತ್ತಿ, ಮಧ್ಯಾಹ್ನ ಈ ಕಡೆಯವರ ಹೆಮ್ಮೆಯ ಷ್ಪೆಟ್ಸ್‌ಲೆ ತಿಂದೆವು. ಹಿಟ್ಟನ್ನು ಕುದಿಯುವ ನೀರಿಗೆ ಹಿಂಡಿ, ಬಸಿದು, ಮೇಲೆ ಚೀಸು ಮತ್ತು ಹುರಿದ ಈರುಳ್ಳಿ ಹಾಕಿ ಕೊಡುತ್ತಾರೆ. ಚಿಗವ್ವ ಫೋರ್ಕಿನಿಂದ ಒಂದೆಳೆ ಎತ್ತಿ ನೋಡಿ, “ಬಸದ ಶಾವಿಗಿ. ಬೆಲ್ಲಾ ತುಪ್ಪಾ ಹಾಕಿದ್ರ ಇನ್ನೂ ಛಲೋ ಆಗತಿತ್ತು,” ಎಂದು ತೀರ್ಪು ಕೊಟ್ಟಳು. ಆದರೂ ತಟ್ಟೆ ಖಾಲಿಯಾಯಿತು.

ಅಲ್ಲಿಯೇ ಶನಿವಾರದ ಮಾತು ಬಂದದ್ದು. “ದೇರ್ಸ್ ಎ ಬರಿಯಲ್ ಮೌಂಡ್ ನಿಯರ್‌ಬೈ, ಅಮ್ಮ. ಕೆಲ್ಟಿಕ್. ಇಟ್ಸ್ ಆಸಮ್!” ಎಂದು ಮೇಘಾ ಫೋನು ತೆಗೆದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಸಮಾಧಿಯ ಯೋಚನೆಯಿಂದ ಬಿಡಿಸಲೆಂದು ಭೂಮಿಯ ಆಚೆ ಬದಿಗೆ ಕರೆತಂದರೆ ಇವಳು ನೇರ ಸಮಾಧಿಗೇ ಟಿಕೆಟ್ ಕೊಡಿಸುತ್ತಿದ್ದಾಳೆ. ಅರಮನೆ ಇದೆ, ದ್ರಾಕ್ಷಿತೋಟಗಳಿವೆ, ಕಾರಿನ ಮ್ಯೂಸಿಯಂ ಇದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಅಕೀ ಕಾಲು ಯಾಕ ತುಳೀತಿ?” ಅಂದಳು ಚಿಗವ್ವ. ಆಮೇಲೆ ಮೇಘಾಳ ಕಡೆ ತಿರುಗಿ ಕೇಳಿದಳು. “ಯಾರ ಗದ್ದಿಗಿ ಅದು?”

“ಎ ಕಿಂಗ್, ಅಜ್ಜಿ. ಆರ್ ಎ ಚೀಫ್. ನೋಬಡಿ ನೋಸ್ ಹಿಸ್ ನೇಮ್.”

“ಹೆಸರಿಲ್ಲದವ್ನ ಗದ್ದಿಗಿನ ಮಂದಿ ಇನ್ನೂ ನೋಡಾಕ ಹೋಗ್ತಾರಂದ್ರ ನೋಡೂಣು ನಡೀರಿ.”

ಶನಿವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಸ್ಟುಟ್‌ಗಾರ್ಟ್‌ನಿಂದ ಅರ್ಧ ಗಂಟೆಯೊಳಗೆ ರೈಲು ಫೈಹಿಂಗೆನ್ ಎಂಬ ಪುಟ್ಟ ಊರಿಗೆ ತಂದು ಬಿಟ್ಟಿತು. ಅಲ್ಲಿಂದ ಹೋಖ್‌ಡಾರ್ಫ್ ಹಳ್ಳಿಗೆ ಬಸ್ಸು. ಶನಿವಾರವಾದ್ದರಿಂದ ಬಸ್ಸು ವಿರಳ. ಬೆಂಚಿನ ಮೇಲೆ ಕೂತು ಬಿಸಿಲು ಕಾಯಿಸಿದೆವು. ಸಿಯಾಟಲ್ಲಿನಿಂದ ಬಂದವರು ಬಿಸಿಲಿನಲ್ಲಿ ಕಾಯಿಸಿದ್ದಕ್ಕೆ ದೂರುವುದಿಲ್ಲ. ಬಸ್ಸಿನಲ್ಲಿ ನಮ್ಮನ್ನು ಬಿಟ್ಟರೆ ತರಕಾರಿ ಚೀಲದ ಇಬ್ಬರು ಮುದುಕಿಯರು ಮಾತ್ರ. ದಾರಿಯ ಎರಡೂ ಕಡೆ ಕಣ್ಣು ಕುಕ್ಕುವ ಹಳದಿ ಹೊಲಗಳು. ಎಣ್ಣೆ ತೆಗೆಯುವ ಒಂದು ಬಗೆಯ ಸಾಸಿವೆ ಜಾತಿಯ ಬೆಳೆ ಎಂದು ಮೇಘಾ ವಿವರಿಸಿದಳು. “ಕುಸುಬಿ ಹೊಲಾ ಕಂಡಂಗಾತು,” ಎಂದು ಚಿಗವ್ವ ಹಳ್ಳಿ ಬರುವವರೆಗೂ ಕಿಟಕಿ ಬಿಡಲಿಲ್ಲ.

ಹೋಖ್‌ಡಾರ್ಫ್‌ನಲ್ಲಿ ಇಳಿದಾಗ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೆಂಪು ಹೆಂಚಿನ ಮನೆಗಳು, ಕಿಟಕಿಗೊಂದೊಂದು ಹೂವಿನ ಕುಂಡ, ಎಲ್ಲೋ ಹುಲ್ಲು ಕತ್ತರಿಸುವ ಯಂತ್ರದ ಸದ್ದು. ಮೊದಲು ಮ್ಯೂಸಿಯಂ, ಆಮೇಲೆ ದಿಬ್ಬ ಎಂದು ಮೇಘಾಳ ಅಪ್ಪಣೆಯಾಯಿತು. ಟಿಕೆಟ್ ಮೇಜಿನ ಹಿಂದೆ ನಮ್ಮ ಚಿಗವ್ವನಿಗಿಂತ ಸ್ವಲ್ಪ ಚಿಕ್ಕವಳಾದ ಒಬ್ಬ ಹೆಂಗಸು ಸ್ವೆಟರ್ ಹೆಣೆಯುತ್ತಿದ್ದಳು. ಕೆಲವೇ ಯೂರೋ ಟಿಕೆಟ್. ಎಲ್ಲಿಂದ ಬಂದಿರೆಂದು ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಿದಳು. ಸಿಯಾಟಲ್ ಎಂದೆ ನಾನು. ಗದಗ ಎಂದಳು ಚಿಗವ್ವ. ಆ ಹೆಂಗಸು ಎರಡಕ್ಕೂ ತಲೆಯಾಡಿಸಿದಳು.

ಕತೆ ಹೀಗಿದೆ. ಈಗ ಐರ್ಲೆಂಡು, ಸ್ಕಾಟ್ಲೆಂಡುಗಳ ಕಡೆ ಹೆಸರು ಉಳಿಸಿಕೊಂಡಿರುವ ಕೆಲ್ಟರು ಒಂದು ಕಾಲಕ್ಕೆ ಯುರೋಪಿನ ನಡುಭಾಗದಲ್ಲೆಲ್ಲ ಹರಡಿದ್ದರು. ನಮ್ಮಲ್ಲಿ ಬುದ್ಧನಿದ್ದ ಕಾಲದ ಆಸುಪಾಸಿನಲ್ಲಿ ಅವರ ಒಬ್ಬ ದೊರೆ ಇಲ್ಲಿ ತೀರಿಕೊಂಡ. ನಲವತ್ತರ ಆಸುಪಾಸು, ಆರಡಿ ಮೀರಿದ ಆಳು. ಮರದ ತೊಲೆಗಳಿಂದ ಒಂದು ಕೋಣೆ ಕಟ್ಟಿ, ಅವನನ್ನು ಒಳಗಿಟ್ಟು, ಕಲ್ಲು ಪೇರಿಸಿ, ಮೇಲೆ ಮಣ್ಣಿನ ಗುಡ್ಡ ಮಾಡಿದರು. ಕಾಲ ಕಳೆದಂತೆ ಗುಡ್ಡ ಸವೆದು ಹೊಲದೊಳಗೊಂದು ಉಬ್ಬಾಗಿ ಉಳಿಯಿತು, ಅದರ ಮೇಲೆ ನೇಗಿಲು ಓಡಾಡಿತು. ಹಾಗಾಗಿ ಕಳ್ಳರ ಕಣ್ಣಿಗೆ ಬೀಳಲಿಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ಅಗೆದಾಗ ಇಟ್ಟದ್ದು ಇಟ್ಟಲ್ಲೇ ಇತ್ತು. ಅಸಲಿ ಚಿನ್ನವೆಲ್ಲ ಈಗ ಸ್ಟುಟ್‌ಗಾರ್ಟ್ ನಗರದಲ್ಲಿದೆ. ಹಳ್ಳಿಯ ಮ್ಯೂಸಿಯಂನಲ್ಲಿ ಆ ಕೋಣೆಯನ್ನು ಇದ್ದ ಅಳತೆಯಲ್ಲೇ, ಇದ್ದ ಸಾಮಾನುಗಳ ನಕಲಿನೊಂದಿಗೆ ಮತ್ತೆ ಕಟ್ಟಿದ್ದಾರೆ.

ಕೋಣೆಯ ಮುಂದೆ ನಿಂತಾಗ ಇಲ್ಲಿಗೆ ಬರಬಾರದಿತ್ತು ಅನ್ನಿಸಿತು. ಯಾಕೆಂದರೆ ದೊರೆ ಮಲಗಿದ್ದ. ಹಿತ್ತಾಳೆಯಂತೆ ಹೊಳೆಯುವ ಉದ್ದನೆಯ ಕಂಚಿನ ಮಂಚ, ಅದರ ಮೇಲೆ ಬಟ್ಟೆ ಹಾಸಿ ಮಲಗಿಸಿದ್ದರು. ನಾನು ಓರೆಗಣ್ಣಿನಿಂದ ಚಿಗವ್ವನ ಮುಖ ನೋಡಿದೆ. ಅವಳು ಮಂಚದ ಉದ್ದಕ್ಕೂ ಕಣ್ಣಾಡಿಸಿದಳು.

“ಇವ್ರೂ ಮಲಗಿಸ್ಯಾರ,” ಅಂದಳು ಕೊನೆಗೆ. ಆಮೇಲೆ ಬಗ್ಗಿ ಮಂಚದ ಕೆಳಗೆ ನೋಡಿದಳು. ಎಂಟು ಪುಟ್ಟ ಕಂಚಿನ ಹೆಣ್ಣುಬೊಂಬೆಗಳು ಕೈಯೆತ್ತಿ ಮಂಚವನ್ನು ಹೊತ್ತುಕೊಂಡಿವೆ, ಒಂದೊಂದರ ಕಾಲ ಕೆಳಗೂ ಒಂದು ಗಾಲಿ. “ಎವ್ವಾ, ನೋಡಿಲ್ಲೆ! ಸತ್ತ ಮ್ಯಾಲೂ ಹೆಣಮಕ್ಳ ಹೊತಗೊಂಡು ತಿರಗಬೇಕು ಇವನ್ನ.”

ಮೇಘಾ ಜೋರಾಗಿ ನಕ್ಕಳು. ನನಗೆ ಹೋದ ಉಸಿರು ಬಂತು. ಅಲ್ಲಿಂದ ಮುಂದೆ ಚಿಗವ್ವ ಹೊಸ ಮನೆ ನೋಡಲು ಬಂದ ಬೀಗರ ಹಾಗೆ ಒಂದೊಂದನ್ನೂ ಪರೀಕ್ಷಿಸಿದಳು. ಮೂರು ಸಿಂಹಗಳು ಕೂತಿರುವ ದೊಡ್ಡ ಕಡಾಯಿ. ಅದರ ತುಂಬ ಜೇನಿನ ಮದ್ಯ ಇಟ್ಟಿದ್ದರಂತೆ. ಗೋಡೆಗೆ ನೇತುಹಾಕಿದ ಕುಡಿಯುವ ಕೊಂಬುಗಳು, ದೊರೆಗೊಂದು, ಅತಿಥಿಗಳಿಗೆಂಟು. ನಾಲ್ಕು ಗಾಲಿಯ ಬಂಡಿ. ತಲೆಯ ಹತ್ತಿರ ಮರದ ತೊಗಟೆಯಿಂದ ಹೊಲಿದ ಚೂಪು ಟೋಪಿ. ಮೀನಿನ ಗಾಳ, ಬಾಚಣಿಗೆ, ಕ್ಷೌರದ ಕತ್ತಿ, ಉಗುರು ತೆಗೆಯುವ ಚಿಮಟ.

“ಉಗುರ ತಗಿಯೂದೂ ಇಟ್ಟಾರ!” ಎಂದು ಅವಳಿಗೆ ಬಹಳ ಖುಷಿಯಾಯಿತು. “ಹೇಣತಿನ ಇಟ್ಟಿರಬೇಕು. ಅಕೀಗ ಗೊತ್ತಿರತೈತಿ ಇಂವಾ ಏನ ಹುಡಕ್ಯಾಡ್ತಾನಂತ.” ಕಾಕಾನ ಹಸಿರು ಉಣ್ಣೆಯ ಟೋಪಿಯನ್ನು ಅವಳು ಪೆಟ್ಟಿಗೆಯಲ್ಲಿಟ್ಟದ್ದು ನನಗೆ ನೆನಪಾಯಿತು. ಅವರಿಗೆ ಥಂಡಿ ತಡೆಯುತ್ತಿರಲಿಲ್ಲ.

ದೊರೆಯ ಕಾಲಿನ ಹತ್ತಿರ ಬಂದೆವು. ಚೂಪು ಮುಂಗಾಲಿನ ಚರ್ಮದ ಜೋಡು, ಅದರ ಮೇಲೆ ತೆಳುವಾದ ಚಿನ್ನದ ತಗಡಿನ ಅಲಂಕಾರ. ಗೋಡೆಯ ಮೇಲಿದ್ದ ಜರ್ಮನ್ ಬರಹಕ್ಕೆ ಫೋನು ಹಿಡಿದು ಮೇಘಾ ಇಂಗ್ಲಿಷಿನಲ್ಲಿ ಓದುತ್ತಿದ್ದಳು. ಚರ್ಮ ಕೊಳೆತು ಹೋಗಿದೆ, ಚಿನ್ನ ಮಾತ್ರ ಉಳಿದಿದೆ. ಈ ಚಿನ್ನವನ್ನು ಶವಸಂಸ್ಕಾರಕ್ಕೆಂದೇ ಮಾಡಿಸಿದ್ದರು. ಎಡಗಾಲಿನದನ್ನು ಬಲಗಾಲಿಗೆ, ಬಲಗಾಲಿನದನ್ನು ಎಡಗಾಲಿಗೆ ತೊಡಿಸಿದ್ದಾರೆ.

“ಏನಂದಿ?” ಅಂದಳು ಚಿಗವ್ವ.

ಮೇಘಾ ಅದೇ ಸಾಲನ್ನು ಮತ್ತೆ ಓದಿದಳು. ಚಿಗವ್ವ ಕನ್ನಡಕ ಸರಿಮಾಡಿಕೊಂಡು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಆ ಕ್ಷಣ ಏನಾದರೂ ಹೇಳಿ ಕೆಡಿಸಿಬಿಡುತ್ತೇನೆಂದು ನನಗೆ ಹೆದರಿಕೆಯಾಗಿತ್ತು.

“ಬಾಗಲದಾಗ ಕೂತಾಳಲ್ಲ, ಅಕೀನ್ನ ಕರಿ,” ಎಂದಳು.

ಟಿಕೆಟ್ ಮೇಜಿನ ಹೆಂಗಸು ಹೆಣಿಗೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದಳು. ಚಿಗವ್ವ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು. ಇದು ತಪ್ಪೆಂದು ನಿಮಗೆ ಗೊತ್ತಿದೆ. ಈ ಕೋಣೆಯನ್ನು ನೀವು ಹೊಸದಾಗಿ ಕಟ್ಟಿದಿರಿ. ಜೋಡನ್ನು ಯಾಕೆ ಸರಿಮಾಡಿ ಇಡಲಿಲ್ಲ?

ಆ ಹೆಂಗಸು ಜೋಡಿನ ಕಡೆ ನೋಡಿದಳು. ಯಾರೂ ಇದನ್ನು ಕೇಳಿರಲಿಲ್ಲವೇನೋ. ಆಮೇಲೆ ಅವಳು ಹೇಳಿದ್ದು ಇಷ್ಟು. ಅವನನ್ನು ಪ್ರೀತಿಸಿದವರು ಅವನಿಗೆ ಹೀಗೆ ತೊಡಿಸಿ ಕಳಿಸಿದ್ದಾರೆ. ಅದನ್ನು ತಿದ್ದಲು ನಾವು ಯಾರು? ನನ್ನ ಗಂಡನನ್ನು ಮಣ್ಣು ಮಾಡುವ ದಿನ ನಾನೇ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗಿದ್ದೆ.

ಚಿಗವ್ವ ಮೊದಲು ನಕ್ಕಳು. ನಗುತ್ತ ನಗುತ್ತಲೇ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಸೆರಗಿನ ಬದಲು ಜಾಕೆಟ್ಟಿನ ತೋಳಿಗೆ ಮುಖವೊತ್ತಿ ಅತ್ತಳು. ಎರಡು ವರ್ಷದಿಂದ ನಾನು ಕಾದಿದ್ದ ಅಳು ಅದು. ನನಗೂ ತಡೆಯಲಾಗಲಿಲ್ಲ. ಮೇಘಾ ಮಾತ್ರ ನಮ್ಮಿಬ್ಬರ ನಡುವೆ ಕೂತು ಒಂದು ಕೈಯಿಂದ ಆ ಕಡೆ, ಒಂದು ಕೈಯಿಂದ ಈ ಕಡೆ ಬೆನ್ನು ಸವರಿದಳು. ಹೆಣಿಗೆಯ ಹೆಂಗಸು ಯಾವ ಪ್ರಶ್ನೆಯೂ ಕೇಳದೆ ಒಳಗೆ ಹೋಗಿ ಮೂರು ಲೋಟ ನೀರು ತಂದಳು.

“ಕೈ ನಡಗಿರತಾವ ಅವರ್ವೂ,” ಅಂದಳು ಚಿಗವ್ವ ನೀರು ಕುಡಿದು. “ಚಿನ್ನಾ ಮಾಡಿಸಿದ್ರು, ಕುದರಿಬಂಡಿ ಇಟ್ರು, ಕೊಡಗಟ್ಲೆ ಜೇನತುಪ್ಪಾ ತಂದ್ರು. ಕಡೀಕ ಎಡಾ ಬಲಾ ತಪ್ಪಿದ್ರು. ರಾಜನ ಮಂದಿನ ತಪ್ಪಿದ್ರು.” ಲೋಟ ಕೆಳಗಿಟ್ಟು ಮತ್ತೆ ಹೇಳಿದಳು. “ಇಂವಾ ಆರಾಮ ಮಲಗ್ಯಾನ ನೋಡು.”

ದಿಬ್ಬಕ್ಕೆ ಮ್ಯೂಸಿಯಂನಿಂದ ನಡೆದೇ ಹೋದೆವು. ಹಳ್ಳಿಯ ಕೊನೆಯ ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ಹಸಿರು ಹುಲ್ಲು ಹೊದ್ದ ದುಂಡನೆಯ ಗುಡ್ಡ, ಎರಡಾಳಿಗಿಂತ ಎತ್ತರ, ಬುಡದಲ್ಲಿ ಕಲ್ಲುಗಳ ಸಾಲು. ಸವೆದು ಹೋದದ್ದನ್ನು ಮತ್ತೆ ಮಣ್ಣು ಹಾಕಿ ಮೊದಲಿನ ಎತ್ತರಕ್ಕೆ ತಂದಿದ್ದಾರೆ. ನೋಡಲು ಅಂಥ ಭಾರೀ ದೃಶ್ಯವೇನಲ್ಲ. ಒಳಗೆ ಏನಿತ್ತೆಂದು ತಿಳಿಯದಿದ್ದರೆ ಕಾರಿನಲ್ಲಿ ದಾಟಿಹೋಗಿ ಬಿಡುತ್ತಿದ್ದೆವು. ಮೇಲೆ ಬಾನಾಡಿಯೊಂದು ನಿಂತಲ್ಲೇ ನಿಂತು ಹಾಡುತ್ತಿತ್ತು.

ಚಿಗವ್ವ ಶೂ ಬಿಚ್ಚಿದಳು, ಸಾಕ್ಸನ್ನೂ ಬಿಚ್ಚಿ ಅದರೊಳಗೆ ತುರುಕಿದಳು. ಹುಲ್ಲು ಇನ್ನೂ ಒದ್ದೆಯಿದೆ, ಕಾಲು ಜಾರುತ್ತದೆ ಎಂದೆ. “ನೀ ಬರೂದಿದ್ರ ಬಾ, ಇಲ್ಲಂದ್ರ ಶೂ ಕಾಯಿ,” ಎಂದು ಬಲಕ್ಕೆ ಗುಡ್ಡವನ್ನಿಟ್ಟುಕೊಂಡು ಹೊರಟೇಬಿಟ್ಟಳು. ನಾನು, ಮೇಘಾ ಇಬ್ಬರೂ ಬರಿಗಾಲಾಗಿ ಹಿಂದೆ ಹೋದೆವು. ನನ್ನ ಜನ್ಮದಲ್ಲಿ ಅಷ್ಟು ನಿಧಾನವಾಗಿ ನಡೆದದ್ದು ಅದೇ ಮೊದಲು. ಒಂದು ಸುತ್ತು ಮುಗಿಯುವಲ್ಲಿ ನಾಯಿ ಹಿಡಿದ ಮುದುಕನೊಬ್ಬ ಎದುರಾದ. ಮೂವರು ಹೆಂಗಸರ ಬರಿಗಾಲು ನೋಡಿದ, ಏನನ್ನೂ ತೋರಗೊಡದೆ ಟೋಪಿ ಮುಟ್ಟಿ “ಗ್ರ್ಯೂಸ್ ಗಾಟ್” ಎಂದ.

“ಇಟ್ ಮೀನ್ಸ್ ಗಾಡ್ ಗ್ರೀಟ್ ಯೂ, ಅಜ್ಜಿ,” ಎಂದು ಮೇಘಾ ಪಿಸುಗುಟ್ಟಿದಳು.

ಚಿಗವ್ವ ಎರಡೂ ಕೈ ಜೋಡಿಸಿ “ಶರಣು ಶರಣಾರ್ಥಿ” ಎಂದಳು. ಆತ ನಾಯಿಯೊಂದಿಗೆ ನಿಂತು, ಅವಳಷ್ಟೇ ಗಂಭೀರವಾಗಿ ತಲೆಬಾಗಿ ಮುಂದೆ ಹೋದ.

ಸುತ್ತು ಮುಗಿದ ಮೇಲೆ ಚಿಗವ್ವ ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದು ಬುಡದ ಒಂದು ಕಲ್ಲಿಗೆ ಮೂರು ಬೆರಳಿನಿಂದ ಎಳೆದಳು. ಹೀಗೆ ಮಾಡಬಹುದೇ ಎಂದು ಮೇಘಾ ಇಂಗ್ಲಿಷಿನಲ್ಲಿ ಆತಂಕಪಟ್ಟಳು. ಒಂದು ಮಳೆ ಬಂದರೆ ಹೋಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕೂತು ಬಟ್ಟೆಚೀಲ ಬಿಚ್ಚಿದೆವು. ಇಷ್ಟು ದೂರ ಬಂದರೂ ರೊಟ್ಟಿ ಒಂದೂ ಮುರಿದಿರಲಿಲ್ಲ. ಸಮಾಧಿಯ ಹತ್ತಿರ ಕೂತು ಉಣ್ಣುವುದಕ್ಕೆ ನಾನು ಹಿಂದೆಮುಂದೆ ನೋಡುತ್ತಿದ್ದರೆ, “ಗದ್ದಿಗಿ ಮುಂದ ಪ್ರಸಾದಾ ಉಣ್ಣೂದಿಲ್ಲೇನ?” ಎಂದು ಚಿಗವ್ವ ಮೊದಲ ರೊಟ್ಟಿ ಮುರಿದಳು. ಫೈಹಿಂಗೆನ್ನಿನ ಅಂಗಡಿಯಲ್ಲಿ ಕೊಂಡ ಮೊಸರು, ಶೇಂಗಾ ಚಟ್ನಿ, ಮುಂದೆ ಹಳದಿ ಹೊಲ. ಅಷ್ಟು ರುಚಿಯಾದ ಊಟವನ್ನು ಆ ಪ್ರವಾಸದಲ್ಲಿ ನಾನು ಮತ್ತೆಲ್ಲೂ ಮಾಡಲಿಲ್ಲ.

ಇನ್ನುಳಿದ ದಿನಗಳಲ್ಲಿ ಅರಮನೆ ನೋಡಿದೆವು, ದ್ರಾಕ್ಷಿತೋಟ ಹತ್ತಿದೆವು, ಕಾರಿನ ಮ್ಯೂಸಿಯಂನಲ್ಲಿ ಚಿಗವ್ವನಿಗೆ ನಿದ್ದೆ ಬಂತು. ಹೊರಡುವ ದಿನ ಮೇಘಾ ಪ್ಲ್ಯಾಟ್‌ಫಾರಮ್ಮಿನಲ್ಲಿ ನಿಂತು, ಹಾದಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದವಳಂತೆ, “ಅಜ್ಜಿ, ಹುಷಾರಾಗಿ ಹೋಗಿ ಬಾ,” ಎಂದು ಕನ್ನಡದಲ್ಲೇ ಹೇಳಿದಳು. ಚಿಗವ್ವ ಖಾಲಿ ಚಟ್ನಿ ಡಬ್ಬಿಯನ್ನು ಅವಳಿಗೆ ತೋರಿಸಿ ಮುಂದಿನ ಸಲ ತುಂಬಿಸಿ ಕಳಿಸುತ್ತೇನೆ ಅಂದಳು.

ಸಿಯಾಟಲ್ಲಿನಲ್ಲಿ ಇಳಿದಾಗ ಬಿಟ್ಟುಹೋದ ಜಿಟಿಜಿಟಿ ಬಿಟ್ಟಲ್ಲೇ ಕಾಯುತ್ತಿತ್ತು. ವಿಮಾನ ನಿಲ್ದಾಣದಿಂದ ಲಿನ್‌ವುಡ್ ರೈಲು ಹತ್ತಿದೆವು. ಮೊದಲ ಸ್ಟೇಷನ್ನೇ ಟಕ್ವಿಲಾ. ಈ ಸಲ ಚಿಗವ್ವ ಕಿಟಕಿಯ ಮಂಜನ್ನು ಅಂಗೈಯಿಂದ ಒರೆಸಿ ಹೊರಗೆ ನೋಡಿದಳು.

“ಆ ಕಲ್ಲಿನಂವಾ ಯಾವ ಕಡೀಗಿ ಇರೂದು?”

ನಾನು ಗೋದಾಮುಗಳ ಕಡೆ ಕೈ ತೋರಿಸಿದೆ.

“ನಾಳೆ ಫೋನ್ ಹಚ್ಚು. ಕರೀ ಕಲ್ಲ ಬೇಕನ್ನು. ವಿಭೂತಿ ಛಲೋ ಕಾಣತೈತಿ. ಅವರ ಹೆಸರಿನ ಬಾಜೂಕ ನನಗೂ ಜಾಗಾ ಬಿಟ್ಟಿರಲಿ.”

“ಆತು, ಚಿಗವ್ವಾ.”

“ಮತ್ತ ಕೇಳಿಲ್ಲೆ. ಗದ್ದಿಗ್ಯಾಗ ನನ್ನ ಇಡೂ ದಿನಾ ಲಿಂಗಾ ನೀನ ಇಡಬೇಕು. ಅಯ್ಯನವರು ಫೋನಿನ್ಯಾಗ ಏನರೆ ಅನವಲ್ರ್ಯಾಕ, ಎಡಾ ಯಾವದು ಬಲಾ ಯಾವದು ಅಂತ ಗಾಬರ್‍ಯಾಗಿ ನಿಂದರಬ್ಯಾಡ.”

“ಮತ್ತ ಹೆಂಗ ಇಡಲಿ?”

“ನಿನಗ ಹತ್ತಿರಿದ್ದ ಕೈಯಾಗ ಇಡು.”

ರೈಲು ಹೊರಟಿತು. ಲಿನ್‌ವುಡ್‌ಗೆ ಇನ್ನೂ ಒಂದು ಗಂಟೆಯ ದಾರಿ ಇತ್ತು. ಅಷ್ಟು ದೂರವೂ ನಾನು ಅವಳ ಕೈಯನ್ನು ಹಿಡಿದುಕೊಂಡೇ ಕೂತಿದ್ದೆ. ಅದು ಎಡಗೈಯೋ ಬಲಗೈಯೋ ಎಂದು ನೋಡಲಿಲ್ಲ.